ಕಾಲ ಕೆಳಗಿನ ನೀರು

ಇನ್ನೂ ಬಂದಿಲ್ಲ, ತಂತಿಗಳ ಕಟ್ಟು ಒಣಗಿಯೇ ಇದೆ, ಕಪ್ಪು ಟೇಪು ಸುತ್ತಿದ ಆ ಕಟ್ಟು ಕಾರಿನ ಡ್ಯಾಶ್‌ಬೋರ್ಡಿನ ಅಡಿಯಿಂದ ಇಳಿದು ಎಡಬಾಗಿಲ ಕಡೆಗೆ ತಿರುಗುವಲ್ಲಿ ಒಂದು ಗಂಟು, ಟಾರ್ಚಿನ ಬೆಳಕು ಆ ಗಂಟಿನ ಮೇಲೇ ಇರಲಿ ಎಂದಿದ್ದಾನೆ ಮೆಕ್ಯಾನಿಕ್ ದಶರಥ, ಕಣ್ಣು ಕದಲಸಬ್ಯಾಡ್ರಿ ಮೇಡಮ್, ಮೊದಲನೇ ಹನಿ ಎಲ್ಲಿಂದ ಬೀಳ್ತದ ಅದು ನೋಡಬೇಕು, ಆಮ್ಯಾಲ ಎಲ್ಲಾ ಕಡಿ ಹರದುಬಿಡ್ತದ, ಏನೂ ತಿಳಿಯಂಗಿಲ್ಲ — ಸ್ವರೂಪಾ ಸ್ಟೇರಿಂಗಿನ ಹಿಂದಿನಿಂದ ಎಡಕ್ಕೆ ಬಾಗಿ ಕೂತಿದ್ದಾಳೆ, ಸೊಂಟ ಹಿಡಿದುಕೊಂಡಿದೆ, ಹೊರಗೆ ದಶರಥ ಪೈಪು ಹಿಡಿದು ಮುಂದಿನ ಗಾಜಿನ ಮೇಲೆ ನೀರು ಬಿಡುತ್ತಿದ್ದಾನೆ, ನೀರಿನಾಚೆ ಅವನ ಮುಖ ಕರಗುತ್ತದೆ, ಕೂಡುತ್ತದೆ, ಮತ್ತೆ ಕರಗುತ್ತದೆ, ಬಂತೇನ್ರೀ ಎನ್ನುತ್ತಾನೆ, ಇಲ್ಲ ಎನ್ನುತ್ತಾಳೆ, ಬರದಿರಲಿ, ಇಲ್ಲಿಂದ ಬರದೇ ಹೋದರೆ ಸಾಕು, ಮೊನ್ನೆ ಮಂಗಳವಾರದ ಮಳೆಗೆ ಬಾಗಿಲು ಸರಿ ಕೂತಿರಲಿಲ್ಲ, ಅದರ ಸಂದಿಯಿಂದ ಒಳಗೆ ಬಂದ ನೀರು, ಮೊನ್ನೆಯ ನೀರು, ಅಷ್ಟೇ, ಅಷ್ಟೇ ಎಂದು ಅವನು ಹೇಳಿಬಿಟ್ಟರೆ ಎದ್ದು ಮನೆಗೆ ಹೋಗಬಹುದು. ಎಡಸೀಟನ್ನು ಅವನು ಬಿಚ್ಚಿ ಹೊರಗಿಟ್ಟಿದ್ದಾನೆ, ಜಹೀರಾಬಾದಿನ ಕೆಂಪು ಮಣ್ಣಿನ ಮೇಲೆ, ಹೈವೇ ಕಡೆ ಮುಖಮಾಡಿ ಅದೊಂದೇ ಕೂತಿದೆ, ಹೋಗುವ ಲಾರಿಗಳ ಗಾಳಿಗೆ ಅದರ ಮೇಲಿನ ಟವೆಲ್ಲು ಏಳುತ್ತದೆ, ಕೂರುತ್ತದೆ, ಹನ್ನೊಂದು ತಿಂಗಳಿಂದ ಆ ಸೀಟಿನಲ್ಲಿ ಮನುಷ್ಯರು ಕೂತಿರಲಿಲ್ಲ, ಗಂಡ ಪ್ರೇಮಕುಮಾರ ತೀರಿಹೋದ ಮೇಲೆ ಅಲ್ಲಿ ಕೂರುತ್ತಿದ್ದುದು ಲಸಿಕೆಯ ನೀಲಿ ಡಬ್ಬಿ, ಕಂಗ್ಟಿ ಸುತ್ತಿನ ಹಳ್ಳಿಗಳಿಗೆ ಮಕ್ಕಳಿಗೆ ಸೂಜಿ ಹಾಕಲು ಹೋಗುವ ನರ್ಸಮ್ಮ ಅವಳು, ಡಬ್ಬಿಯೊಳಗೆ ಐಸು, ನೆಲದ ಮೇಲೆ ಆಗೀಗ ಒದ್ದೆ ಕಂಡರೆ ಐಸು ಕರಗಿ ಸೋರಿದೆ ಎಂದುಕೊಳ್ಳುತ್ತಿದ್ದಳು, ವಾಸನೆಯೂ ಬರುತ್ತಿತ್ತು, ಮಣ್ಣಿನ ಮಡಕೆಯ ತಳದ ವಾಸನೆ, ಹಳೆಯ ಗಾಡಿ ಎಂದುಕೊಳ್ಳುತ್ತಿದ್ದಳು, ಏನೋ ಒಂದು ಅಂದುಕೊಳ್ಳುವುದು, ಗಾಡಿ ಹೊಡೆಯುವುದು. ಮಂಗಳವಾರ ಕ್ಯಾಂಪು ಮುಗಿದಾಗ ಮಳೆ ಹಿಡಿದಿತ್ತು, ಹೊಸದಾಗಿ ಬಂದ ನರ್ಸು ಧಮ್ಮಶೀಲಾ ಬಸ್ಸು ತಪ್ಪಿಸಿಕೊಂಡು ನಿಂತಿದ್ದಳು, ಜೈಭೀಮ್ ಅಕ್ಕಾ ನಾರಾಯಣಖೇಡ ತನಕ ಬಿಡತೀರೇನು, ಡಬ್ಬಿ ತೆಗೆದು ಹಿಂದಿಟ್ಟಳು, ಹುಡುಗಿ ಕೆಸರಾದ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಒಳಗೆ ಬಂದು ಕೂತಳು, ಕೂತ ಒಂದು ಮಿನಿಟಿಗೆ ಕಾಲು ಹಿಂದಕ್ಕೆ ಎಳೆದುಕೊಂಡು ಅಂದಳು — ಅಕ್ಕಾ, ಕಾಲ ಕೆಳಗ ನೀರ ಅವ.

ಅದೇ ಮಾತು. ಅಕ್ಷರ ಬಿಡದೆ ಅದೇ ಮಾತು, ಪ್ರೇಮಕುಮಾರನ ಬಾಯಲ್ಲಿ ಎಷ್ಟು ಸಲ, ಸ್ವರೂಪಾ ಕಾಲ ಕೆಳಗ ನೀರ ಅವ, ಮೊದಲ ಸಲ ಕೇಳಿದಾಗ ನಕ್ಕಿದ್ದಳು, ನದಿ ಹರೀಲತ್ತದೇನು ಗಾಡ್ಯಾಗ ಎಂದಿದ್ದಳು, ಧಮ್ಮಶೀಲಾ ಅಂದಾಗ ಮಾತ್ರ ಅವಳಿಗೆ ನಗಲಾಗಲಿಲ್ಲ, ವೈಪರ್ ಆಡುತ್ತಿತ್ತು, ಹುಡುಗಿ ಹೆದರಿ ಏನಾತು ಅಕ್ಕಾ ಎಂದಳು, ಏನಿಲ್ಲ ಐಸಿನ ನೀರು ಅಂದಳು, ಮನೆ ಮುಟ್ಟಿದ ಮೇಲೆ ಗಾಡಿಯಿಂದ ಇಳಿಯದೆ ಮಳೆ ನಿಲ್ಲುವ ತನಕ ಹಾಗೇ ಕೂತಿದ್ದಳು. ಈಗ ಟಾರ್ಚಿನ ವೃತ್ತದಲ್ಲಿ ಗಂಟು, ಗಂಟಿನ ತುದಿ, ತುದಿಯಲ್ಲಿ ಟೇಪಿನ ಒಂದು ಎಳೆ, ಎಳೆ ಹೊಳೆಯಿತು. ಇಲ್ಲ, ಬೆಳಕಿನ ಹೊಳಪು. ಅಲ್ಲ, ಅದು ಉಬ್ಬುತ್ತಿದೆ, ಸಾಸಿವೆಯಷ್ಟು, ಜೋಳದಷ್ಟು, ಉಬ್ಬಿ ಭಾರವಾಗಿ ತೂಗಿ ಸದ್ದಿಲ್ಲದೆ ಬಿತ್ತು, ಅದರ ಹಿಂದೆ ಇನ್ನೊಂದು, ಮೂರನೆಯದು, ಬಂತೇನ್ರೀ ಎನ್ನುತ್ತಾನೆ ದಶರಥ, ನಾಲ್ಕನೆಯದು, ಈಗ ಎಣಿಸಲಾಗದಂತೆ ದಾರವಾಗಿ, ಕೇಳಸ್ತೇನ್ರೀ ಮೇಡಮ್ ಬಂತೇನು, ಬಂತು, ಬಂತ್ರಿ, ಬಂದ ಮಾಡ್ರಿ ನೀರು ಎಂದಳು, ಧ್ವನಿ ತನ್ನದಲ್ಲವೆನಿಸಿತು.

ಇಪ್ಪತ್ತೆರಡು ವರ್ಷ ಬಸ್ಸು ಹೊಡೆದವನು ಪ್ರೇಮಕುಮಾರ, ನಾರಾಯಣಖೇಡ ಡಿಪೋ, ತಾಂಡೂರಿನ ರೂಟಿನಲ್ಲಿ ಒಂಬತ್ತು ವರ್ಷ, ತಾಂಡೂರು ಅವನ ಹುಟ್ಟೂರು, ಮನೆಯ ಅಂಗಳದಿಂದ ಕಕ್ಕಸಿನವರೆಗೆ ನುಣುಪು ಕಲ್ಲಿನ ಚಪ್ಪಡಿ ಹಾಸಿದ ಊರು, ಮದುವೆಯಾದ ಹೊಸತರಲ್ಲಿ ಅವಳನ್ನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ, ಕನ್ನಡಿಯಲ್ಲಿ ನೋಡುತ್ತಿದ್ದ, ಕನ್ನಡಿ ರಸ್ತೆ ನೋಡಲಾಕ ಅದರಿ ಎಂದು ಕಂಡಕ್ಟರು ರೇಗಿಸುತ್ತಿದ್ದ. ಆಮೇಲೆ ಸಕ್ಕರೆ ಬಂತು, ಸಕ್ಕರೆಯ ಹಿಂದೆ ಕಣ್ಣು ಮಂಜಾಯಿತು, ಡಿಪೋದವರು ಸ್ಟೇರಿಂಗಿನಿಂದ ಇಳಿಸಿ ಕಾಗದದ ಕೆಲಸ ಕೊಟ್ಟರು, ಕೊನೆಗೆ ಮೂತ್ರಪಿಂಡ, ವಾರಕ್ಕೆ ಎರಡು ಸಲ ಜಹೀರಾಬಾದಿಗೆ ಡಯಾಲಿಸಿಸ್, ಮಂಗಳವಾರ ಶುಕ್ರವಾರ, ಹೋಗಲು ಒಂದೂಕಾಲು ಗಂಟೆ ಬರಲು ಒಂದೂಕಾಲು ಗಂಟೆ, ಬಸ್ಸಿನಲ್ಲಿ ನಿಂತು ಬರಲಾಗುವುದಿಲ್ಲ, ಮನೆ ಮುಂದೆ ಈ ಹಳೆಯ ನೀಲಿ ಕಾರು, ಅವನು ಚೆನ್ನಾಗಿದ್ದಾಗ ಸೆಕೆಂಡ್‌ಹ್ಯಾಂಡು ತಂದದ್ದು, ಹೊಡೆಯುವವರಿಲ್ಲ. ನೀನೇ ಕಲಿ ಅಂದ. ನಲವತ್ತಮೂರು ವರ್ಷಕ್ಕೆ ಕ್ಲಚ್ಚು, ನನ್ನ ಕೈಲಾಗಂಗಿಲ್ರಿ ಅಂದರೆ ಸೂಜಿ ಹಾಕಾಕ ಬರ್ತದ ಇದ್ಯಾಕ ಬರಂಗಿಲ್ಲ ಅಂದ, ಊರ ಹೊರಗಿನ ಜೋಳದ ಹೊಲದ ಬದಿಯ ರಸ್ತೆಯಲ್ಲಿ ಹದಿನೈದು ದಿನ, ಎಡಸೀಟಿನಲ್ಲಿ ಕೂತು ಹೇಳಿಕೊಡುತ್ತಿದ್ದ, ಬಿಡು, ಮೆಲ್ಲಕ ಬಿಡು, ಗಾಡಿ ತಾನೇ ಹೇಳ್ತದ, ಕಾಲಿಗೆ ತಿಳೀತದ ನೋಡು, ಕಿವಿ ಕಣ್ಣು ಆಮ್ಯಾಲ, ಮೊದಲು ಕಾಲಿಗೆ ತಿಳೀತದ — ಎದುರಿಗೆ ಎಮ್ಮೆ ಬಂದರೆ ಅವಳಿಗಿಂತ ಮುಂಚೆ ಅವನ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು, ಅಲ್ಲಿ ಬ್ರೇಕಿಲ್ಲರೀ ಅಂದರೆ ನಗುತ್ತಿದ್ದ, ಬರಿಗಾಲು, ಕಾಲು ಬಾತುಕೊಂಡಿದ್ದರಿಂದ ಚಪ್ಪಲಿ ಹಿಡಿಯುತ್ತಿರಲಿಲ್ಲ, ಎರಡೂ ಪಾದ ರಬ್ಬರ್ ಮ್ಯಾಟಿನ ಮೇಲೆ.

ದಶರಥ ಪೈಪು ಬಿಟ್ಟು ಬಾನೆಟ್ಟು ಎತ್ತಿದ್ದಾನೆ, ಬರ್ರಿ ನೋಡ್ರಿ ಎನ್ನುತ್ತಾನೆ, ಅವಳು ಇಳಿದು ಹೋಗುತ್ತಾಳೆ, ದಶರಥ ಮೊದಲು ಡಿಪೋದಲ್ಲೇ ವೆಲ್ಡರು, ಸತ್ತವನನ್ನು ಪ್ರೇಮಣ್ಣ ಎನ್ನುತ್ತಿದ್ದವನು, ಈಗ ಇಲ್ಲಿ ಹೈವೇ ಬದಿಗೆ ತನ್ನದೇ ಶೆಡ್ಡು, ಗಾಜಿನ ಕೆಳಗೆ ವೈಪರಿನ ಬುಡದಲ್ಲಿ ಪ್ಲಾಸ್ಟಿಕ್ಕಿನ ಜಾಲರಿ ಕಿತ್ತು ತೋರಿಸುತ್ತಾನೆ, ಗಾಜಿನ ನೀರು ಇಲ್ಲಿ ಇಳೀತದ, ಇಲ್ಲಿ ಎರಡು ಕಡಿ ತೂತು ಇರ್ತಾವ, ನೀರು ಆ ತೂತಿನಿಂದ ನೆಲಕ್ಕ ಹೋಗಬೇಕು, ನಿಮ್ಮವು ಎರಡೂ ಬಂದ ಆಗ್ಯಾವ, ನಿಂತ ನೀರು ಏರಿ ಏರಿ ಗಾಳಿ ಬಿಡೋ ಡಬ್ಬಿ ಒಳಗಿಂದ ಮನಿ ಹೊಕ್ಕದ, ಎನ್ನುತ್ತ ಬೆರಳು ಹಾಕಿ ಎಳೆಯುತ್ತಾನೆ, ಕಪ್ಪನೆಯದು ಬರುತ್ತದೆ, ಹಿಡಿ, ಇನ್ನೊಂದು ಹಿಡಿ, ಸಗಣಿಯಷ್ಟು ಮೆತ್ತಗೆ ಕೊಳೆತದ್ದು, ಮೇಲಿನದು ಮಾತ್ರ ಇನ್ನೂ ಎಲೆಯಾಗಿದೆ, ಅಂಚು ಗರಗಸದ ಹಾಗಿರುವ ಸಣ್ಣ ಎಲೆ, ಬೇವು. ಬೇವಿನ ಗಿಡದ ಕೆಳಗ ನಿಲ್ಲಸ್ತೀರೇನ್ರಿ ಗಾಡಿ? ಅವಳು ತಲೆಯಾಡಿಸುತ್ತಾಳೆ. ನಿಲ್ಲಿಸುತ್ತಿದ್ದಳು, ಮನೆಯ ಎದುರಿಗೆ ಶೀಟಿನ ನೆರಳಿತ್ತು, ಆದರೆ ಶೀಟಿನಡಿ ಗಾಡಿ ಒಲೆಯಾಗುತ್ತಿತ್ತು, ಎಪ್ರಿಲ್ ತಿಂಗಳಲ್ಲಿ ಪ್ರೇಮಕುಮಾರ ಕೂತೊಡನೆ ಬೆನ್ನು ಸುಟ್ಟು ಎದ್ದಿದ್ದ, ಚರ್ಮ ಹಾಳೆಯಷ್ಟು ತೆಳ್ಳಗಾಗಿತ್ತು ಅವನದು, ಅವತ್ತಿನಿಂದ ರಸ್ತೆಯಾಚೆ ಬೇವಿನ ಕೆಳಗೆ ನಿಲ್ಲಿಸಿದಳು, ಬೇವಿನ ನೆರಳು ತಂಪು, ಗಾಳಿ ಒಳ್ಳೆಯದು, ಅವನೂ ಖುಷಿಯಾಗಿದ್ದ, ಎಲೆ ಉದುರಿದರೆ ಗುಡಿಸಿದರಾಯಿತು ಎಂದಿದ್ದಳು, ಮೇಲಿನದನ್ನು ಗುಡಿಸಿದಳು. ಅಷ್ಟೇ ಅಲ್ಲ, ಭಾನುವಾರ ಭಾನುವಾರ ಗಾಡಿ ತೊಳೆಯುತ್ತಿದ್ದಳು, ಅವನಿಗೆ ಧೂಳು ಆಗದು, ಸೋಂಕು ತಗುಲಿದರೆ ತಡೆಯುವ ಶಕ್ತಿಯಿಲ್ಲ, ಬಕೆಟ್ಟು ಬಕೆಟ್ಟು ನೀರನ್ನು ಇದೇ ಗಾಜಿನ ಮೇಲೆ ಸುರಿದು, ಡೆಟ್ಟಾಲು ಹಾಕಿ, ಬೇಸಿಗೆಯಲ್ಲೂ ಬಿಡದೆ.

ಇದು ಯಾವಾಗಿಂದರಿ ಹಿಂಗ, ಎಂದು ಕೇಳುತ್ತಾಳೆ, ಕೇಳುವಾಗ ಸಾದಾ ಮಾತಿನಂತೆ ಕೇಳಬೇಕೆಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ, ಈ ಮಳಿಗಾಲದಾಗ ಆಗಿರಬೇಕಲ್ಲ, ಹೋದ ವರ್ಷ ಇದ್ದಿಲ್ಲ ಅನಸ್ತದ — ದಶರಥ ಅವಳ ಮುಖ ನೋಡುವುದಿಲ್ಲ, ಅದು ತಳಾ ನೋಡಿದರ ಹೇಳಬಹುದು ಎಂದು ಒಳಗೆ ಬಾಗುತ್ತಾನೆ, ರಬ್ಬರ್ ಮ್ಯಾಟು ತೆಗೆಯುತ್ತಾನೆ, ಅದರ ಕೆಳಗೆ ಬೂದು ಕಾರ್ಪೆಟ್ಟು, ಮುಟ್ರಿ ಎನ್ನುತ್ತಾನೆ, ಮುಟ್ಟುತ್ತಾಳೆ, ತುಸು ತಂಪು, ಒದ್ದೆಯೆನ್ನುವಂತೇನಿಲ್ಲ, ಎರಡು ದಿನದಿಂದ ಮಳೆಯಿಲ್ಲ ಬಿಸಿಲಿದೆ, ಎದೆ ಒಂದು ಗಳಿಗೆ ಹಗುರಾಗುತ್ತದೆ, ನೋಡ್ರಿ ಒಣಗೇದ ಎನ್ನುತ್ತಾಳೆ, ಇದು ಮ್ಯಾಲಿಂದು ಮೇಡಮ್, ಮ್ಯಾಲ ಯಾವಾಗೂ ಒಣಗಿರ್ತದ, ಎಂದು ಅವನು ಕಾರ್ಪೆಟ್ಟಿನ ಅಂಚಿಗೆ ಬ್ಲೇಡು ಹಾಕಿ ಹಿಂದಕ್ಕೆ ಮಡಚುತ್ತಾನೆ, ಕೆಳಗೆ ದಪ್ಪ ಗಾದಿ, ಚಿಂದಿ ಬಟ್ಟೆ ಒತ್ತಿ ಮಾಡಿದ್ದು, ಎಂಜಿನ್ನಿನ ಸದ್ದು ಕೇಳದಿರಲೆಂದು ಕಂಪನಿಯವರು ಹಾಸುವ ಗಾದಿ, ಅದು ಕಪ್ಪಗಾಗಿ ಕೂತಿದೆ, ದಶರಥ ಅಂಗೈ ಇಟ್ಟು ಒತ್ತಿದ, ನೀರು. ಬೆರಳ ಸಂದಿಗಳಲ್ಲಿ ಬುಳಬುಳನೆ ಎದ್ದು ಅಂಗೈ ಮುಳುಗಿತು, ಕೈ ತೆಗೆದ, ನೀರು ಇಂಗಿ ಹೋಯಿತು, ಏನೂ ಆಗದ ಹಾಗೆ ಗಾದಿ ಮತ್ತೆ ಕಪ್ಪಗೆ ಕೂತಿತು. ಇದು ಕುಡೀತದ್ರಿ, ಹೊರಗ ತೋರಸಂಗಿಲ್ಲ, ಮ್ಯಾಲ ರಬ್ಬರ್ ಹೊದಿಸಿದರ ಬ್ಯಾಸಗಿಗೂ ಒಣಗಂಗಿಲ್ಲ, ಮ್ಯಾಲ ಕೈ ಇಟ್ಟರ ತಿಳಿಯಂಗಿಲ್ಲ, ಮೈಭಾರ ಹಾಕಿ ಕಾಲು ಇಟಗೊಂಡು ಕೂತವರಿಗೇ ತಿಳೀತದ.

ಕಾಲು ಇಟ್ಟುಕೊಂಡು ಕೂತವರಿಗೇ. ದಶರಥ ಗಾದಿಯನ್ನು ಎರಡು ಕೈಯಲ್ಲಿ ಹಿಡಿದು ಕಿತ್ತು ಹೊರಗೆ ಒಗೆಯುತ್ತಾನೆ, ಅದು ಮಣ್ಣಿಗೆ ಬಿದ್ದ ಸದ್ದು ಒದ್ದೆ ಕಂಬಳಿಯ ಸದ್ದು, ಅದರ ಕೆಳಗೆ ಕಬ್ಬಿಣದ ತಳ ಕಾಣಬೇಕು, ಕಬ್ಬಿಣವಿಲ್ಲ, ಇರುವುದು ತುಕ್ಕು, ಕಂದು, ಕಿತ್ತಳೆ, ಕೆಲವು ಕಡೆ ಕಡುಗಪ್ಪು, ಪದರ ಪದರವಾಗಿ ಎದ್ದ ತುಕ್ಕು, ದಶರಥ ಸ್ಕ್ರೂಡ್ರೈವರಿನ ತುದಿಯಿಂದ ಒಂದು ಪದರ ಎಬ್ಬಿಸಿದರೆ ಹಪ್ಪಳದಂತೆ ಮುರಿಯುತ್ತದೆ, ಅದರ ಕೆಳಗೆ ಇನ್ನೊಂದು, ಅದನ್ನೂ ಎಬ್ಬಿಸುತ್ತಾನೆ, ಇನ್ನೊಂದು, ಪೂರಾ ಜಂಗ ತಿಂದುಬಿಟ್ಟದ್ರಿ, ಇದು ಈ ಮಳಿಗಾಲದ್ದಲ್ಲ, ಒಂದು ಮಳಿಗಾಲಕ್ಕ ಬಣ್ಣ ಏಳ್ತದ, ಎರಡನೇದಕ್ಕ ಕೆಂಪು ಪುಡಿ ಆಗ್ತದ, ಹಿಂಗ ಹಪ್ಪಳ ಹಪ್ಪಳ ಬರಬೇಕಂದರ ಹೆಚ್ಚು ಕಡಿಮಿ ಮೂರು ವರ್ಷ ಆಗಿರಬೇಕು, ಎಂದು ಸ್ಕ್ರೂಡ್ರೈವರನ್ನು ನೆಟ್ಟಗೆ ಹಿಡಿದು ಸುಮ್ಮನೆ ಒತ್ತುತ್ತಾನೆ, ಬಲವೇ ಹಾಕುವುದಿಲ್ಲ, ಅದು ಹಿಡಿಯ ತನಕ ಇಳಿದು ಹೋಗುತ್ತದೆ, ತೆಗೆದರೆ ತೂತಿನಲ್ಲಿ ಹಗಲು, ಕೆಳಗಿನ ಕೆಂಪು ಮಣ್ಣು, ಒಂದು ಬೀಡಿಯ ತುಂಡು. ಮೂರು ವರ್ಷ. ಅವಳಿಗೆ ಲೆಕ್ಕ ಬೇಡವಾಗಿತ್ತು, ಆದರೂ ಲೆಕ್ಕ ತಾನಾಗಿ ನಡೆಯುತ್ತದೆ, ಅವನು ಹೋಗಿ ಹನ್ನೊಂದು ತಿಂಗಳು, ಅದಕ್ಕೆ ಮುಂಚೆ ಎರಡು ವರ್ಷ ಮಂಗಳವಾರ ಶುಕ್ರವಾರ, ಮೂರರ ಒಳಗೆ ಎಲ್ಲವೂ ಬರುತ್ತದೆ, ಒಂದು ಪಯಣವೂ ಹೊರಗುಳಿಯುವುದಿಲ್ಲ. ದಶರಥ ಇನ್ನೂ ಒಂದು ವರ್ಷ ಕಡಿಮೆ ಹೇಳಬಾರದಿತ್ತೇ, ಅವನಿಗೇನು ಗೊತ್ತು, ಅವನು ಕಬ್ಬಿಣ ನೋಡಿ ಹೇಳಿದ.

ನೀರಿನಿಂದ ಪ್ರೇಮಕುಮಾರ ಸಾಯಲಿಲ್ಲ, ಅದು ಅವಳಿಗೆ ಗೊತ್ತು, ನರ್ಸು ಅವಳು, ಮಷಿನ್ನಿನ ಮೇಲಿದ್ದಾಗ ನಾಲ್ಕನೇ ಗಂಟೆಯಲ್ಲಿ ಎದೆ ನಿಂತಿತು, ಅವಳು ಹೊರಗೆ ಬೆಂಚಿನ ಮೇಲೆ ಕಿತ್ತಳೆ ಸುಲಿಯುತ್ತ ಕೂತಿದ್ದಳು, ಕಿತ್ತಳೆ ಅವನಿಗೆ ಆಗದು, ತನಗೇ ಸುಲಿಯುತ್ತಿದ್ದಳು, ಒಳಗಿಂದ ಓಡಿ ಬಂದರು, ಎಷ್ಟು ಒತ್ತಿದರೂ ಎದೆ ಮತ್ತೆ ನಡೆಯಲಿಲ್ಲ, ಅದಕ್ಕೂ ಕಾಲಿಗೂ ಸಂಬಂಧವಿಲ್ಲ. ಅದಲ್ಲ. ಅದಲ್ಲ ಈಗ ಎದೆಯಲ್ಲಿ ಕೂತಿರುವುದು. ಅವನು ಹೇಳಿದ್ದ, ಅವಳು ನಂಬಲಿಲ್ಲ, ಪುಸ್ತಕ ಓದಿದವಳು ಅವಳು, ಸಕ್ಕರೆಯವರ ಕಾಲಿನ ನರ ಸುಳ್ಳು ಹೇಳುತ್ತವೆ, ಮುಳ್ಳು ಚುಚ್ಚಿದರೆ ತಿಳಿಯುವುದಿಲ್ಲ, ಏನೂ ಇಲ್ಲದೆ ಇರುವೆ ಹರಿದಂತಾಗುತ್ತದೆ, ಉರಿಯುತ್ತದೆ, ತಣ್ಣೀರಲ್ಲಿ ನಿಂತಂತಾಗುತ್ತದೆ, ಟ್ರೇನಿಂಗಿನಲ್ಲಿ ಸಾಲು ಸಾಲು ಬರೆದುಕೊಂಡಿದ್ದಳು, ಹಳ್ಳಿಯ ಮುದುಕರಿಗೆ ತಾನೇ ಹೇಳುತ್ತಿದ್ದಳು, ಡಾಕ್ಟರನ್ನು ಕೇಳಿದಾಗ ಅವರೂ ಹೂಂ ಅದೇ ಎಂದು ಒಂದು ಮಾತ್ರೆ ಬರೆದರು, ಮಾತ್ರೆ ನುಂಗಿಸಿದಳು, ಕಾಲ ಕೆಳಗಿನ ನೀರಿಗೆ ಮಾತ್ರೆ. ಒಂದು ಶುಕ್ರವಾರ, ಜೋರು ಮಳೆಗಾಲ, ಮಂಜೀರಾ ಸೇತುವೆ ದಾಟಿದ ಮೇಲೆ, ಅವನು ಮತ್ತೆ ಅಂದ, ಕಾಲ ಕೆಳಗ ನೀರ ಅವ ಸ್ವರೂಪಾ, ಹೋಗೂ ಮುಂದ ದಶರಥನ ಶೆಡ್ಡಿನಾಗ ಒಮ್ಮಿ ತೋರಸೋಣು, ಅವಳಿಗೆ ಹಿಂದಿನ ದಿನ ಎರಡು ಹೆರಿಗೆ, ನಿದ್ದೆಯಿಲ್ಲ, ಮುಂದೆ ಲಾರಿ ಕೆಸರು ಹಾರಿಸುತ್ತಿದೆ, ಒಂಬತ್ತಕ್ಕೆ ಆಸ್ಪತ್ರೆಯಲ್ಲಿ ಬೆಡ್ಡು ಹಿಡಿಯದಿದ್ದರೆ ಮಧ್ಯಾಹ್ನ ಮೂರರ ತನಕ ಕಾಯಬೇಕು, ಅವಳು ಬ್ರೇಕು ಒತ್ತಿ ಗಾಡಿ ಬದಿಗೆ ನಿಲ್ಲಿಸಿದಳು, ಬೆಲ್ಟು ಬಿಚ್ಚಿದಳು, ಬಾಗಿ ಅವನ ಎರಡು ಪಾದದ ನಡುವೆ ರಬ್ಬರ್ ಮ್ಯಾಟಿನ ಮೇಲೆ ಅಂಗೈ ಉಜ್ಜಿದಳು, ಎತ್ತಿ ಅವನ ಮುಖಕ್ಕೆ ಹಿಡಿದಳು. ನೋಡ್ರಿ. ಒಣಾ ಒಣ. ಏನದ ಇದರಾಗ? ಒಂದು ಹನಿ ತೋರಸ್ರಿ, ಒಂದು ಹನಿ. ಅವನು ಅಂಗೈ ನೋಡಿದ, ಬಹಳ ಹೊತ್ತು ನೋಡಿದ, ರೇಖೆ ಓದುವವನಂತೆ, ಆಮೇಲೆ ಅಂದ, ಹೌದು, ಒಣಗೇದ. ನಂದೇ ಕಾಲು ಹೋಗ್ಯಾವ ಬಿಡು.

ಆಮೇಲೆ ಅವನು ಆ ಮಾತು ಎತ್ತಲಿಲ್ಲ. ಅವಳಿಗೆ ಸಮಾಧಾನವಾಗಿತ್ತು, ಡಾಕ್ಟರಿಗೆ ಹೇಳಿಯೂ ಹೇಳಿದಳು, ಮಾತ್ರೆ ಚಲೋ ಕೆಲಸ ಮಾಡ್ಯಾವ ಸರ್, ಕಾಲಿನ ತಕರಾರು ಈಗ ಇಲ್ಲ, ಅವನು ಪಕ್ಕದಲ್ಲೇ ಕೂತು ಕೇಳುತ್ತಿದ್ದ, ಹೌದೆನ್ನುವಂತೆ ತಲೆಯಾಡಿಸಿದ್ದ. ಕಾಲ ಬೆರಳ ಸಂದಿ ಬೆಳ್ಳಗಾಗಿ ಸುಕ್ಕಾಗಿರುತ್ತಿತ್ತು, ಬಟ್ಟೆ ಒಗೆದ ಕೈಯ ಹಾಗೆ, ಅದನ್ನೂ ಕಂಡಿದ್ದಳು, ಪೌಡರು ಹಾಕಿದ್ದಳು, ಹಾಕುವಾಗ ಅವನು ಕಚಗುಳಿ ಎಂದು ಕಾಲು ಎಳೆದುಕೊಳ್ಳುತ್ತಿದ್ದ — ಕಚಗುಳಿ ತಿಳಿಯುತ್ತಿತ್ತು ಅವನಿಗೆ, ನರ ಸತ್ತವನಿಗೆ ಕಚಗುಳಿ ಹೇಗೆ ತಿಳಿದೀತು, ಅವತ್ತು ಅದನ್ನು ಯಾಕೆ ಯೋಚಿಸಲಿಲ್ಲ, ಕಾಲಿಗೆ ತಿಳೀತದ ಅಂದವನೇ ಅವನು, ಎಂಥಾ ರಸ್ತೆಯಲ್ಲೂ ಎಷ್ಟು ಗಾಳಿ ಕಡಿಮೆಯಾಗಿದೆ ಟೈರಿಗೆ ಎಂದು ಪಾದದಿಂದ ಹೇಳುತ್ತಿದ್ದವನು. ಮೇಡಮ್, ಎಂದ ದಶರಥ, ಅವನು ಮುರಿದ ತುಕ್ಕನ್ನೆಲ್ಲ ಒಂದು ಬುಟ್ಟಿಗೆ ಗೋರಿ ಹಾಕಿದ್ದಾನೆ, ಬುಟ್ಟಿ ಅರ್ಧ ತುಂಬಿದೆ, ಹೇಳ್ರಿ ಏನ್ ಮಾಡಲಿ, ಖರೇ ಹೇಳಬೇಕಂದರ ಈ ಗಾಡಿ ಗುಜರಿಗೆ ಹಾಕೋ ಹಂಗೇ ಅದ, ಆದರ ಅಡ್ಡ ಪಟ್ಟಿ ಗಟ್ಟಿ ಅವ, ನೋಡೀನಿ, ಹೋಗಿದ್ದು ಎಡಕಿನ ತಳ ಒಂದೇ, ಜಂಗ ಹಿಡಿದದ್ದು ಕಡದು, ಹೊಸ ಕಬ್ಬಿಣದ ಪತ್ರಾ ಇಟ್ಟು ವೆಲ್ಡ್ ಮಾಡಿ ಕೆಳಗ ಮ್ಯಾಲ ಡಾಂಬರ ಬಳದರ ಇನ್ನ ನಾಕು ವರ್ಷ ಹೊಡೀಬಹುದು, ಎರಡು ದಿನದ ಕೆಲಸ, ಇಟಗೋತೀರೇನು ಗಾಡಿ? ಇಟ್ಟುಕೊಳ್ಳುವುದೇ ಬಿಡುವುದೇ, ಬರುವ ಸೋಮವಾರ, ವರ್ಷ ತುಂಬುವ ಮುನ್ನವೇ ಇಟ್ಟುಕೊಂಡ ಅವನ ವರ್ಷದ ವಂದನೆ, ತೀರಿಕೊಂಡವನ ನೆನಪಿನ ಪ್ರಾರ್ಥನೆ, ಭಾನುವಾರ ತಾಂಡೂರಿಗೆ ಹೋಗಿ ಅತ್ತೆ ಲಚ್ಚಮ್ಮನನ್ನೂ ಮಗಳು ರಜನಿಯನ್ನೂ ಕರೆತರಬೇಕು, ಅತ್ತೆಗೆ ಮೊಣಕಾಲು ಬಗ್ಗದು, ಮುಂದೆಯೇ ಕೂರಬೇಕು, ಬರಿಗಾಲಿನ ಹೆಂಗಸು, ಜನ್ಮದಲ್ಲಿ ಚಪ್ಪಲಿ ಮೆಟ್ಟಿದವಳಲ್ಲ. ನಮ್ಮ ಅತ್ತಿ ಕೂಡೋರಿದ್ದಾರ ಇಲ್ಲಿ, ಎಂದಳು, ಒಂದು ಹನಿ ನೀರು ಬರಬಾರದು, ಹೊಸ ಪತ್ರಾ ಹಾಕ್ರಿ ದಶರಥ, ಗಾದಿ ಸುದ್ಧಾ ಹೊಸದು ಹಾಕ್ರಿ.

ದಶರಥ ಕತ್ತರಿಸುವ ಮಷಿನ್ನಿಗೆ ತಂತಿ ಹಚ್ಚುತ್ತಿದ್ದಾನೆ, ಕಪ್ಪು ಕನ್ನಡಕ ಹುಡುಕುತ್ತಿದ್ದಾನೆ, ಅವಳು ಹೊರಗಿಟ್ಟ ಸೀಟಿನ ಪಕ್ಕದಲ್ಲಿ ನಿಂತಿದ್ದಾಳೆ, ಅದರ ಮೇಲೆ ಕೂರಲಾರಳು, ಕೈಯಲ್ಲಿ ಫೋನು ಅದುರುತ್ತದೆ, ರಜನಿ, ತಾಂಡೂರಿನ ಕಲ್ಲು ಪಾಲಿಶಿನ ಕಾರ್ಖಾನೆಯ ಆಫೀಸಿನಿಂದ, ಹಿಂದೆ ಕಲ್ಲು ಉಜ್ಜುವ ಮಷಿನ್ನಿನ ಸದ್ದು, ಅವ್ವಾ ಗಾಡಿ ಏನಾತು, ಅಜ್ಜಿ ಕೇಳಲತ್ತಾಳ ಭಾನುವಾರ ಬರತೀಯೋ ಬಸ್ಸಿಗೆ ಬರಬೇಕೋ, ಬರತೀನಿ ಅಂದಳು, ತಳ ಹೋಗ್ಯದ, ದಶರಥ ಪತ್ರಾ ಹಾಕಲತ್ತಾನ ಅಂದಳು, ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು, ನಾಲಿಗೆ ನಿಲ್ಲಲಿಲ್ಲ, ರಜನಿ, ನಿಮ್ಮಪ್ಪ ಹೇಳತಿದ್ದಿಲ್ಲೇನು ಕಾಲ ಕೆಳಗ ನೀರು ಅಂತ, ಖರೇನೇ ಇತ್ತವ್ವ, ಮೂರು ವರ್ಷದಿಂದ ನೀರಿತ್ತಂತ, ನಾ ಅವರಿಗೆ ಸುಳ್ಳ ಮಾಡಿದೆ. ಆ ಕಡೆ ಬಾಗಿಲು ಹಾಕಿದ ಸದ್ದು, ಮಗಳು ಎಲ್ಲೋ ಒಳಗೆ ಬಂದಿರಬೇಕು, ಧ್ವನಿ ಹತ್ತಿರವಾಯಿತು. ಅವ್ವಾ, ಅಪ್ಪ ನನಗ ಹೇಳಿದ್ದ. ಏನ್ ಹೇಳಿದ್ದ? ಹೋದ ವರ್ಷ ರಾಖಿಗಿ ಬಂದಿದ್ದೆನಲ್ಲ, ಆವಾಗ, ನೀ ಅಡಗಿಮನ್ಯಾಗ ಇದ್ದಿ, ಗಾಡ್ಯಾಗ ನೀರು ಖರೇ ಅವ ರಜನಿ, ನಿಮ್ಮವ್ವಗ ಹೇಳಬ್ಯಾಡ ಅಂದ, ನಸುಕಿನಾಗ ಏಳ್ತಾಳ, ಅಡಗಿ ಮಾಡ್ತಾಳ, ಡ್ಯೂಟಿ ಮಾಡ್ತಾಳ, ನನ್ನ ಹೊತಗೊಂಡು ಇಷ್ಟು ದೂರ ಗಾಡಿ ಹೊಡೀತಾಳ, ಇದೊಂದು ಅಕಿ ತಲೀಗಿ ಯಾಕ ಹಚ್ಚಲಿ ಅಂದ, ಮತ್ತ ನೀ ಹ್ಯಾಂಗ ಮಾಡತಿ ಅಪ್ಪಾ ಅಂದೆ, ಕಾಲು ಎತ್ತಿ ಹಿಡಕೋತೀನಿ, ಇಪ್ಪತ್ತೆರಡು ವರ್ಷ ಬಸ್ಸಿನ ಕ್ಲಚ್ ಒತ್ತಿದ ಕಾಲು ಅವ, ಒಂದೂಕಾಲು ಗಂಟಿ ಏನ್ ದೊಡ್ಡದು ಅಂದ, ನಕ್ಕ ಅವ್ವಾ, ನಾ ಚ್ಯಾಷ್ಟಿ ಅನಕೊಂಡೆ, ನಾನೂ ನಕ್ಕೆ — ಅವ್ವಾ? ಇದ್ದೀಯೇನು? ಇದ್ದೀನಿ, ಅಂದಳು. ಅಳಬ್ಯಾಡ ಅವ್ವಾ. ಅಳಲತ್ತಿಲ್ಲ, ಅಂದಳು, ಅಳುತ್ತಿರಲಿಲ್ಲ, ನಿಜವಾಗಿ ಅಳುತ್ತಿರಲಿಲ್ಲ, ಭಾನುವಾರ ಹತ್ತಕ್ಕ ಬರತೀನಿ ಅಜ್ಜಿಗಿ ಹೇಳು ಅಂದು ಫೋನು ಇಟ್ಟಳು.

ಎತ್ತಿ ಹಿಡಿದುಕೊಂಡು. ಕಂಡಿದ್ದಳು, ಅದನ್ನೂ ಕಂಡಿದ್ದಳು, ಕಣ್ಣಂಚಿನಲ್ಲಿ, ಗೇರು ಹಾಕುವಾಗೆಲ್ಲ ಕೈಗೆ ತಾಗುತ್ತಿದ್ದ ಅವನ ಮೊಣಕಾಲು, ಮೊದಲು ಅಷ್ಟು ಎತ್ತರ ಇರುತ್ತಿರಲಿಲ್ಲ, ಆ ಮಳೆಗಾಲದ ನಂತರ ಇತ್ತು, ತನ್ನ ಡ್ರೈವಿಂಗಿಗೆ ಅಂಜಿ ಮುದುರಿ ಕೂರುತ್ತಾನೆ ಎಂದುಕೊಂಡಿದ್ದಳು, ಅಂಜಬ್ಯಾಡ್ರಿ ನಾ ಈಗ ಚಂದ ಹೊಡೀತೀನಿ ಎಂದಿದ್ದಳು, ನಿನಗ್ಯಾಕ ಅಂಜಲಿ ಎಂದಿದ್ದ, ಜಹೀರಾಬಾದಿನ ರೈಲ್ವೆ ಗೇಟು ಬಿದ್ದು ನಿಂತಾಗ, ಎಂಜಿನ್ನು ಆರಿಸಿದಾಗ, ಗಾಡಿಯೆಲ್ಲ ಸ್ತಬ್ಧವಾಗಿರುವಾಗ ಅವನ ತೊಡೆ ಮಾತ್ರ ನಡುಗುತ್ತಿತ್ತು, ಪಂಚೆಯ ಮೇಲಿಂದ ಕಾಣುವಷ್ಟು, ಮಾಂಸ ಹಿಡೀತದೇನ್ರಿ ಎಂದು ಕೇಳಿದರೆ ಹೂಂ, ಸ್ವಲ್ಪ, ಎನ್ನುತ್ತಿದ್ದ, ಅವಳು ಎಡಗೈಯಿಂದ ತಿಕ್ಕುತ್ತಿದ್ದಳು, ರೈಲು ಹೋಗುವ ತನಕ ತಿಕ್ಕುತ್ತಿದ್ದಳು, ಡಯಾಲಿಸಿಸ್‌ನವರಿಗೆ ಸೆಳೆತ ಸಹಜ, ಅದೂ ಪುಸ್ತಕದಲ್ಲಿತ್ತು, ಕೈ ತೊಡೆಯ ಮೇಲೇ ಇತ್ತು, ಇನ್ನು ಒಂದು ಮೊಳ ಕೆಳಗೆ ನೋಡಿದ್ದರೆ. ದಶರಥ ಮಷಿನ್ನು ಹಚ್ಚಿದ, ಕಿಡಿಗಳು ಬಾಗಿಲಿನಿಂದ ಹೊರಗೆ ಹಾರಿ ಮಣ್ಣಿನಲ್ಲಿ ಆರುತ್ತಿವೆ, ಸುಟ್ಟ ಕಬ್ಬಿಣದ ವಾಸನೆ, ಸರೀರಿ ಮೇಡಮ್ ಸೀರಿಗಿ ಬೀಳ್ತಾವ ಎನ್ನುತ್ತಾನೆ, ಅವಳು ಸರಿಯುವುದಿಲ್ಲ, ಸದ್ದು ನಿಲ್ಲುತ್ತದೆ, ಕತ್ತರಿಸಿದ ತಳ ಸಡಿಲಾಗಿ ಬಿದ್ದಿತು, ಅವನು ಅದನ್ನು ಇಕ್ಕಳದಲ್ಲಿ ಹಿಡಿದು ಎಳೆದು ಬದಿಗೆ ಒಗೆದ, ಈಗ ಅಲ್ಲಿ ಸೀಟಿಲ್ಲ, ಮ್ಯಾಟಿಲ್ಲ, ಗಾದಿಯಿಲ್ಲ, ನೆಲವೂ ಇಲ್ಲ, ಚೌಕಾಕಾರದ ಬಯಲು, ಕೆಳಗೆ ಮಣ್ಣು, ಮೇಲೆ ಗಾಳಿ, ನೋಡ್ರಿ ಪೂರಾ ಸಾಫ್ ಆತು ಎನ್ನುತ್ತಾನೆ, ಅವಳು ನೋಡುತ್ತಿದ್ದಾಳೆ, ಆ ಗಾಳಿಯಲ್ಲಿ ಬಾತ ಎರಡು ಪಾದ, ಬೆರಳ ಸಂದಿ ಬೆಳ್ಳಗಾದ ಎರಡು ಪಾದ, ಮುಂದಕ್ಕೆ ಚಾಚಿ, ಒಂದಕ್ಕೊಂದು ತಾಗಿ, ನೆಲದಿಂದ ಒಂದು ಗೇಣು ಮೇಲೆ, ಗಾಡಿ ಮಂಜೀರಾ ದಾಟುತ್ತದೆ ಅಲ್ಲೇ ಇವೆ, ಉಬ್ಬು ಬರುತ್ತದೆ ಅಲ್ಲೇ ಇವೆ, ಗೇಟು ಬೀಳುತ್ತದೆ ಅಲ್ಲೇ ಇವೆ, ನಡುಗುತ್ತ, ಮೇಡಮ್ ಎನ್ನುತ್ತಾನೆ ದಶರಥ, ಎರಡು ಪಾದ, ಕೆಳಗೆ ಇಳಿಯದೆ, ಒಂದು ಗೇಣು ಮೇಲೆ,